ಕಾರ್ಲ್ಸ್‌ಬಾಡ್ ಬೀಚಿನಲ್ಲಿ ಹೆಣ್ಣು ತೋರಿಸಿದ್ದು

ಉಡುಪಿಯವನಿಗೆ ಸಮುದ್ರದ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ತೊಂಬತ್ತರ ದಶಕದ ಒಂದು ಜೂನ್ ತಿಂಗಳವರೆಗೂ ಇದು ನನ್ನ ಅಚಲ ನಂಬಿಕೆಯಾಗಿತ್ತು. ನಿಜ ಹೇಳಬೇಕೆಂದರೆ ನಮ್ಮ ಮನೆ ಇದ್ದದ್ದು ಉಡುಪಿ ಪೇಟೆಯ ನಡುವೆ. ವರ್ಷಕ್ಕೊಮ್ಮೆ ಮಲ್ಪೆಗೆ ಹೋಗಿ, ಪಂಚೆ ಎತ್ತಿ ಕಟ್ಟಿ, ಮೊಣಕಾಲವರೆಗೆ ನೀರಿಗಿಳಿದು, ಮತ್ತೆ ಬಸ್ಸು ಹಿಡಿಯುತ್ತಿದ್ದೆವು. ನನ್ನ ಕಡಲಜ್ಞಾನದ ಆಳವೂ ಅಷ್ಟೇ: ಮೊಣಕಾಲು! ಆದರೆ ಅಮೆರಿಕದಲ್ಲಿ ಅದನ್ನು ಯಾರು ಅಳೆದು ನೋಡುತ್ತಾರೆ?

ಆಗ ನಾನು ಸ್ಯಾನ್ ಡಿಯಾಗೋದ ರಾಂಚೊ ಬರ್ನಾರ್ಡೊದಲ್ಲಿ ಅಕ್ಕಿ, ಬೇಳೆ, ಹುಣಸೆಹಣ್ಣು ಮಾರುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೆ. ಓದಿದ್ದು ಬರೀ ಹೈಸ್ಕೂಲು. ಅಂಗಡಿಗೆ ಬರುವ ಕನ್ನಡದವರೆಲ್ಲ ದೊಡ್ಡ ದೊಡ್ಡ ಎಂಜಿನಿಯರುಗಳು. ಅವರೆದುರು ಹೇಳಿಕೊಳ್ಳಲು ನನ್ನ ಬಳಿ ಡಿಗ್ರಿ ಇರಲಿಲ್ಲ, ಸಮುದ್ರ ಇತ್ತು. "ನಾವು ಕರಾವಳಿಯವರು ಮಾರಾಯ್ರೆ" ಎಂದು ಶುರುಮಾಡಿದರೆ ದೋಣಿ, ಬಲೆ, ಬಿರುಗಾಳಿ ಎಲ್ಲವೂ ಬಂದುಹೋಗುತ್ತಿದ್ದವು. ಕೇಳುವವರು ತಲೆದೂಗುತ್ತಿದ್ದರು. ನಾನು ಇನ್ನೊಂದು ಬಿರುಗಾಳಿ ಸೇರಿಸುತ್ತಿದ್ದೆ.

ನನ್ನ ಅಕ್ಕನ ಮಗಳು ವಿದ್ಯಾ ಟೆಲಿಕಾಂ ಕಂಪನಿಯೊಂದರಲ್ಲಿ ಕೆಲಸ ಮಾಡಿಕೊಂಡು ನಮ್ಮ ಮನೆಯಲ್ಲೇ ಇದ್ದಳು. ಭಾವ ತೀರಿಹೋಗಿದ್ದರು. "ಅವಳ ಮದುವೆ ನಿನ್ನ ತಲೆ ಮೇಲೆ ಉಂಟು. ಅಪ್ಪನ ಜಾಗದಲ್ಲಿ ನೀನೇ ನಿಲ್ಲಬೇಕು" ಎಂದು ಅಕ್ಕ ಊರಿನಿಂದ ಫೋನಿನಲ್ಲಿ ಅತ್ತಿದ್ದಳು. ಪಸಡೀನಾದಲ್ಲಿ ಸಂಶೋಧನೆ ಮಾಡುತ್ತಿದ್ದ ಶ್ರೀಧರನೆಂಬ ಹುಡುಗನ ಜಾತಕ ಕೂಡಿಬಂತು. ವಿದ್ಯಾ ಅವನ ಫೋಟೋ ನೋಡಿ, "ಪರವಾಗಿಲ್ಲ" ಎಂದು ಮೇಜಿನ ಮೇಲಿಟ್ಟು ಹೋದಳು. ಹತ್ತು ನಿಮಿಷದ ಮೇಲೆ ಏನೋ ಮರೆತವಳಂತೆ ಬಂದು ಮತ್ತೊಮ್ಮೆ ನೋಡಿದಳು. ಅಷ್ಟು ಸಾಕಲ್ಲ! ಹುಡುಗನ ತಂದೆತಾಯಿ ಬೆಂಗಳೂರಿನಿಂದ ಬಂದವರು ಮುಂದಿನ ವಾರ ವಿಮಾನ ಹತ್ತುವವರಿದ್ದರು. ಹೆಣ್ಣು ನೋಡಲು ಉಳಿದಿದ್ದದ್ದು ಒಂದೇ ಒಂದು ಭಾನುವಾರ.

ಹುಡುಗನ ತಂದೆ ರಾಮಕೃಷ್ಣಯ್ಯನವರು ನಿವೃತ್ತ ಎಂಜಿನಿಯರು. ಫೋನಿನಲ್ಲಿ ಸೌಜನ್ಯಕ್ಕೆ ಕೇಳಿದರು: "ಉಡುಪಿಯೋರು ಅಂದ್ರೆ ಸಮುದ್ರ ಬಿಟ್ಟು ಇರಕ್ಕಾಗಲ್ಲ, ಅಲ್ವಾ ರಾಯರೇ?"

"ಎಂತ ಕೇಳ್ತೀರಿ! ಪ್ರತಿ ಭಾನುವಾರ ಕಾರ್ಲ್ಸ್‌ಬಾಡ್ ಬೀಚಿನಲ್ಲೇ ನಮ್ಮ ಕಾಫಿ, ತಿಂಡಿ. ಹಿತ್ತಿಲು ಇದ್ದ ಹಾಗೆ ನಮಗೆ" ಎಂದೆ.

ಶುದ್ಧ ಸುಳ್ಳು! ಭಾನುವಾರ ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿರಲಿಲ್ಲ. ಆ ಬೀಚನ್ನು ನಾನು ಕಂಡದ್ದು ವ್ಯಾನಿನ ಗಾಜಿನೊಳಗಿಂದ, ಗಂಟೆಗೆ ಅರುವತ್ತು ಮೈಲಿ ವೇಗದಲ್ಲಿ.

"ಹಾಗಾದ್ರೆ ಅಲ್ಲೇ ಸೇರೋಣ ಬಿಡಿ! ನಮ್ಮನೆಯೋರೂ ಪೆಸಿಫಿಕ್ ನೋಡ್ಬೇಕು ಅಂತಿದ್ರು. ಹುಡುಗಿ ನೋಡ್ದಂಗೂ ಆಯ್ತು, ಸಮುದ್ರ ನೋಡ್ದಂಗೂ ಆಯ್ತು."

ಫೋನ್ ಇಟ್ಟು ತಿರುಗಿದರೆ ಹೆಂಡತಿ ಸುಮತಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ನಮಗೆ ಮನೆ ಇಲ್ವಾ? ಹೆಣ್ಣು ತೋರಿಸುದು ಬೀಚಿನಲ್ಲಾ? ಈಗಲೇ ಫೋನ್ ಮಾಡಿ, ಮನೆಗೆ ಬನ್ನಿ ಅಂತ ಹೇಳಿ."

"ನಿನಗೆ ಗೊತ್ತಾಗುದಿಲ್ಲ. ಬೀಚ್ ಅಂದ್ರೆ ಅದೊಂದು ಗತ್ತು."

"ಆಯ್ತು, ಗತ್ತಿಗೇ ಬಡಿಸ್ತೇನೆ ನಾನು ಗೋಳಿಬಜೆ!"

ಭಾನುವಾರ ನಮ್ಮ ಮನೆಯ ಅಂಗಳದಲ್ಲಿ ಬಿಸಿಲು ಕಾವಲಿಯಂತೆ ಕಾಯುತ್ತಿತ್ತು. ವಿದ್ಯಾ ಸ್ವೆಟರ್ ಕೈಗೆತ್ತಿಕೊಂಡಳು. "ಕ್ಯಾಲಿಫೋರ್ನಿಯದ ಬೀಚಿಗೆ ಸ್ವೆಟರಾ? ನೋಡಿದವರು ನಗ್ತಾರೆ" ಎಂದು ನಾನೇ ಅದನ್ನು ಕಿತ್ತು ಕುರ್ಚಿಯ ಮೇಲೆಸೆದೆ. ಪಶ್ಚಿಮಕ್ಕೆ ಇಪ್ಪತ್ತು ಮೈಲಿ ಇಳಿಯುವಷ್ಟರಲ್ಲಿ ಬಿಸಿಲು ನಾಪತ್ತೆ! ಆಕಾಶಕ್ಕೆ ಹಳೇ ಅಲ್ಯೂಮಿನಿಯಂ ಪಾತ್ರೆಯ ಬಣ್ಣ. ಬೀಚಿನ ಪಕ್ಕ ವ್ಯಾನ್ ನಿಲ್ಲಿಸಿ ಬಾಗಿಲು ತೆರೆದೆ. ಗಾಳಿ ಅದನ್ನು ಮುಚ್ಚಿತು. ಮತ್ತೆ ತೆರೆದೆ. ಮತ್ತೆ ಮುಚ್ಚಿತು. ಬುದ್ಧಿವಂತನಾದವನು ಅಲ್ಲಿಂದಲೇ ಹಿಂದಿರುಗುತ್ತಿದ್ದ. ನಾನು ಕರಾವಳಿಯವನು. ಕಾಲಿನಿಂದ ಒದ್ದು ತೆರೆದೆ.

ಬೀಚಿನ ತುಂಬ ಸಂಸಾರಸ್ಥರು. ಬಕೆಟ್ಟು ಹಿಡಿದ ಮಕ್ಕಳು, ಮಡಚುವ ಕುರ್ಚಿಯಲ್ಲಿ ಅಜ್ಜಿಯರು, ನಾಯಿಮರಿಗಳು. ಅವರಿಗೆ ಆ ಸಮುದ್ರ ಗೊತ್ತಿತ್ತು. ಒಬ್ಬೊಬ್ಬರೂ ದಪ್ಪ ಜಾಕೆಟ್ಟು, ಕಂಬಳಿ, ಕಿವಿ ಮುಚ್ಚುವ ಟೋಪಿ ಧರಿಸಿದ್ದರು. ಇಡೀ ತೀರದಲ್ಲಿ ರೇಷ್ಮೆ ಉಟ್ಟು ನಡುಗುತ್ತಿದ್ದ ಜನ ನಾವು ಮಾತ್ರ. ಹುಡುಗನ ತಾಯಿ ಜಯಮ್ಮನವರು ಧರ್ಮಾವರಂ ಸೀರೆಯ ಸೆರಗನ್ನು ಎರಡೂ ಕೈಯಿಂದ ಹಿಡಿದುಕೊಂಡೇ ನಮಸ್ಕಾರಕ್ಕೆ ತಲೆ ಬಾಗಿಸಿದರು. ಕೈ ಬಿಟ್ಟರೆ ಸೆರಗು ಮೆಕ್ಸಿಕೋ ಸೇರುತ್ತಿತ್ತು.

"ಇಲ್ಲಿ ಯಾವಾಗ್ಲೂ ಹೀಗೇನಾ ರಾಯರೇ?" ಎಂದು ಕೋಟಿನ ಕಾಲರ್ ಎತ್ತುತ್ತ ಕೇಳಿದರು ರಾಮಕೃಷ್ಣಯ್ಯನವರು.

"ಆರೋಗ್ಯಕ್ಕೆ ಬ-ಬ-ಬಹಳ ಒಳ್ಳೆ ಗಾಳಿ!" ಎಂದೆ. ಹಲ್ಲುಗಳು ನನ್ನ ಮಾತು ಕೇಳುತ್ತಿರಲಿಲ್ಲ.

ಜಮಖಾನ ಹಾಸಿದೆ. ಅದು ಎದ್ದಿತು. ನಾಲ್ಕು ಮೂಲೆಯಲ್ಲಿ ನಾಲ್ವರು ಕುಳಿತರೂ ನಡುವೆ ಉಬ್ಬಿ, ನಾವೆಲ್ಲ ಹಾರಿಹೋಗುವ ಲಕ್ಷಣ ಕಂಡಿತು. ಆಗ ನನಗೊಂದು ಅಮೋಘ ಉಪಾಯ ಹೊಳೆಯಿತು. ವ್ಯಾನಿನಲ್ಲಿ ಅಂಗಡಿಯ ಅಕ್ಕಿಮೂಟೆಗಳಿದ್ದವು! ಒಂದೊಂದು ಮೂಲೆಗೆ ಒಂದೊಂದು ಮೂಟೆಯಂತೆ ಎಳೆತಂದು ಇಟ್ಟೆ. ರಾಮಕೃಷ್ಣಯ್ಯನವರು "ಪ್ರಾಕ್ಟಿಕಲ್ ಮನುಷ್ಯ" ಎಂದು ಮೆಚ್ಚಿದರು. ಆ ದಿನ ನನಗೆ ಸಿಕ್ಕಿದ ಕೊನೆಯ ಮೆಚ್ಚುಗೆ ಅದು.

ಎಳೆಯುವಾಗ ಒಂದು ಮೂಟೆಯ ಹೊಲಿಗೆ ಬಿಚ್ಚಿದ್ದು ನನಗೆ ಕಾಣಲಿಲ್ಲ. ಸೀಗಲ್ ಹಕ್ಕಿಗಳಿಗೆ ಕಂಡಿತು. ಮೊದಲು ಒಂದು ಬಂತು, ಬಾತುಕೋಳಿಯ ಗಾತ್ರದ್ದು. ಅದು ಕೂಗಿ ಬಂಧುಬಾಂಧವರನ್ನು ಕರೆಯಿತು. ವಿದ್ಯಾ ತಲೆತಗ್ಗಿಸಿ ಜಯಮ್ಮನವರಿಗೆ ಗೋಳಿಬಜೆಯ ತಟ್ಟೆ ಕೊಡುವ ಶುಭಗಳಿಗೆಯಲ್ಲೇ ನೂರಾರು ಹಕ್ಕಿಗಳು ನಮ್ಮ ಮೇಲೆರಗಿದವು! ಜಯಮ್ಮನವರ ಬಾಯಿಗೆ ಎರಡು ಇಂಚು ದೂರದಲ್ಲಿದ್ದ ಗೋಳಿಬಜೆಯನ್ನು ಒಂದು ಹಕ್ಕಿ ಕೈಯಿಂದ ಕಸಿದು ಹಾರಿತು. ಕಾಗದದ ತಟ್ಟೆಗಳು ಚಕ್ರದಂತೆ ತಿರುಗುತ್ತ ಹೋದವು.

ಲೈಫ್‌ಗಾರ್ಡ್ ಓಡಿಬಂದ. ಹಕ್ಕಿಗಳಿಗೆ ತಿನ್ನಿಸಬಾರದೆಂಬ ಬೋರ್ಡನ್ನು ತೋರಿಸಿದ.

"ನಾನು ತಿನ್ನಿಸುತ್ತಿಲ್ಲ ಸಾರ್, ಅವೇ ತಿನ್ನುತ್ತಿವೆ!" ಎಂದು ನನ್ನ ಹೈಸ್ಕೂಲ್ ಇಂಗ್ಲಿಷಿನಲ್ಲಿ ವಾದ ಮಂಡಿಸಿದೆ.

ಅವನು ವಾದವನ್ನು ಪುರಸ್ಕರಿಸಲಿಲ್ಲ. ಮೂಟೆಗಳು ವ್ಯಾನಿಗೆ ಹಿಂತಿರುಗಿದವು. ನೀರಿನ ಹತ್ತಿರ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಕಣ್ಣಿಗೆ ಹಾರುವುದಿಲ್ಲ ಎಂದು ಜಮಖಾನ ಸಮೇತ ಎಲ್ಲರನ್ನೂ ಕೆಳಕ್ಕೆ ಕರೆದುಕೊಂಡು ಹೋದೆ. ಜಯಮ್ಮನವರು ದೊಡ್ಡ ಮನಸ್ಸಿನವರು. "ಮಕ್ಕಳು ಸ್ವಲ್ಪ ನಡ್ಕೊಂಡು ಮಾತಾಡ್ಕೊಂಡು ಬರ್ಲಿ" ಎಂದರು. ಶ್ರೀಧರ ಬೂಟು ಕಳಚಿ, ಕಾರಿನ ಕೀಲಿಯನ್ನು ಅದರೊಳಗಿಟ್ಟು, "ಅಂಕಲ್, ಇಲ್ಲಿ ಇಟ್ರೆ ಸೇಫಾ?" ಎಂದು ಕೇಳಿದ.

"ನಾನಿದ್ದೇನಲ್ಲ!" ಎಂದೆ.

ಅವನ ತಂದೆಯೂ ಧೈರ್ಯವಾಗಿ ಬೂಟು ಬಿಚ್ಚಿದರು. ಆದರೂ ಎಂಜಿನಿಯರಲ್ಲವೇ, ನೀರನ್ನು ದಿಟ್ಟಿಸಿ ಕೇಳಿದರು: "ಈಗ ಉಬ್ಬರಾನೋ ಇಳಿತಾನೋ?"

ನಾನು ಕಣ್ಣು ಕಿರಿದು ಮಾಡಿ, ಒಂದು ಬೆರಳನ್ನು ಗಾಳಿಗೆ ಹಿಡಿದೆ. ಬೆರಳು ಮರಗಟ್ಟಿತೇ ವಿನಾ ಬೇರೇನೂ ತಿಳಿಯಲಿಲ್ಲ. "ಇಳಿತ" ಎಂದು ತೀರ್ಪಿತ್ತು, ಕಾಲಿನಿಂದ ಮರಳಿನ ಮೇಲೆ ಗೆರೆ ಎಳೆದೆ. "ಇನ್ನು ಸಂಜೆವರೆಗೆ ನೀರು ಈ ಗೆರೆ ದಾಟುದಿಲ್ಲ. ಬರೆದು ಕೊಡ್ತೇನೆ ಬೇಕಾದ್ರೆ."

ಬರೆದು ಕೊಡಲು ಸಮಯವಾಗಲಿಲ್ಲ. ಸುಮತಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದಳು. ಸದ್ದಿಲ್ಲದೆ ಒಂದು ಅಲೆ ಬಂದು ಗೆರೆ ದಾಟಿ, ಜಮಖಾನ ದಾಟಿ, ಕುಳಿತಿದ್ದ ನಮ್ಮ ಸೊಂಟದವರೆಗೆ ಹತ್ತಿತು. ಅಯ್ಯೋ, ಆ ನೀರು! ಕರಗಿದ ಬರ್ಫ! ಜಯಮ್ಮನವರು "ರಾಮಾ" ಎಂದರು. ದೇವರನ್ನು ಕರೆದರೋ ಗಂಡನನ್ನೋ ತಿಳಿಯಲಿಲ್ಲ, ಇಬ್ಬರೂ ಬರಲಿಲ್ಲ. ಗಂಡ ಸೀದಾ ಬೂಟಿನ ಹಿಂದೆ ಓಡಿದ್ದರು. ಅಲೆ ಹಿಂತಿರುಗುವಾಗ ಎರಡು ಜೊತೆ ಬೂಟು, ಕಾರಿನ ಕೀಲಿ, ಗೋಳಿಬಜೆಯ ಡಬ್ಬಿ ಎಲ್ಲವನ್ನೂ ಪೆಸಿಫಿಕ್ ಮಹಾಸಾಗರ ಸ್ವೀಕರಿಸಿತು.

"ನೀವು ಇಳಿತ ಅಂದ್ರಿ!" ರಾಮಕೃಷ್ಣಯ್ಯನವರ ಧ್ವನಿ ನಡುಗುತ್ತಿತ್ತು.

"ಈ ಭಾನುವಾರ ಯಾಕೋ ಹೀಗೆ..." ಎಂದು ನಾನು ಶುರುಮಾಡಿದೆ.

ಸುಮತಿಗೆ ತಡೆಯಲಾಗಲಿಲ್ಲ. "ಯಾವ ಭಾನುವಾರ ನಿಮ್ಮದು? ಇವರು ಈ ಬೀಚಿಗೆ ಬಂದದ್ದು ಇವತ್ತೇ ಮೊದಲು!"

ರಾಮಕೃಷ್ಣಯ್ಯನವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನಾನು ಕಾಲು ನೋಡಿಕೊಂಡೆ. ಅಕ್ಕನಿಗೆ ಏನೆಂದು ಹೇಳಲಿ? ಹುಡುಗಿಯ ಭಾಗ್ಯವನ್ನು ಬೂಟಿನೊಂದಿಗೆ ತೇಲಿಸಿಬಿಟ್ಟೆನಲ್ಲ!

ಅಷ್ಟರಲ್ಲಿ ವಿದ್ಯಾ ಮತ್ತು ಶ್ರೀಧರ ಕೂಗುತ್ತ ಓಡಿಬಂದರು. ವಿದ್ಯಾ ಸೀರೆಯನ್ನು ಎತ್ತಿ ಕಟ್ಟಿ, ನೀರಿಗೆ ನುಗ್ಗಿ ಒಂದು ಬೂಟು ಎಳೆದು ತಂದಳು. ಶ್ರೀಧರನೂ ನುಗ್ಗಿ ಇನ್ನೊಂದು ತಂದ. ಎರಡೂ ಎಡಗಾಲಿನವು! ಒಂದು ತಂದೆಯದು, ಒಂದು ಮಗನದು. ಕೀಲಿ ಇದ್ದದ್ದು ಬಲಗಾಲಿನದರಲ್ಲಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೆ ನಿಂತವರು ಹಿರಿಯರು ಮಾತ್ರ. ಪಕ್ಕದ ಬಿಳಿಯ ಅಜ್ಜಿಯೊಬ್ಬರು ಮರುಕಗೊಂಡು ರಾಮಕೃಷ್ಣಯ್ಯನವರಿಗೆ ಹಳದಿ ಬಾತುಕೋಳಿಗಳಿದ್ದ ದೊಡ್ಡ ಟವೆಲ್ ಹೊದಿಸಿದರು. ಬೀಗರಾಗಬೇಕಾದವರು ಅದೇ ವೇಷದಲ್ಲಿ ನನ್ನ ವ್ಯಾನ್ ಹತ್ತಿ, ತೊಗರಿಬೇಳೆಯ ಮೂಟೆಯ ಮೇಲೆ ಕುಳಿತು, ಒಂದೂ ಮಾತಿಲ್ಲದೆ ನಮ್ಮ ಮನೆಗೆ ಬಂದರು. ಬೀಗದವನು ಬಂದು ಹೊಸ ಕೀಲಿ ಮಾಡಿಕೊಡುವವರೆಗೆ ಬೇರೆ ದಾರಿಯಿರಲಿಲ್ಲ.

ಮನೆಯಲ್ಲಿ ಸುಮತಿ ಎಲ್ಲರಿಗೂ ಒಣಬಟ್ಟೆ ಕೊಟ್ಟಳು. ನನ್ನ ಪಂಚೆ ಉಟ್ಟು, ಲೋಟದಲ್ಲಿ ಮೆಣಸಿನ ಸಾರು ಹೀರುತ್ತ ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಕುಳಿತ ರಾಮಕೃಷ್ಣಯ್ಯನವರು ಮೊದಲ ಬಾರಿಗೆ ಬಾಯಿಬಿಟ್ಟರು: "ರಾಯರೇ, ಒಂದು ಕೇಳ್ತೀನಿ. ಇನ್ನೂ ಏನೇನು ಸುಳ್ಳು ಹೇಳಿದ್ದೀರಿ?"

ಉತ್ತರ ಕೊಟ್ಟವಳು ವಿದ್ಯಾ.

"ನಾನು ದೇವರನಾಮ ಹಾಡ್ತೇನೆ ಅಂತ ಮಾವ ಹೇಳಿದ್ದಾರೆ. ನನಗೆ ಹಾಡ್ಲಿಕ್ಕೆ ಬರುದಿಲ್ಲ. ಅಡುಗೆ ಅಂದ್ರೆ ಅನ್ನ, ಮೊಸರು ಅಷ್ಟೇ. ಇಷ್ಟೇ ನಾನು."

ಜಯಮ್ಮನವರು ಲೋಟ ಕೆಳಗಿಟ್ಟರು. "ನಾವೂ ಹುಡುಗ ಐದು ಅಡಿ ಒಂಬತ್ತು ಇಂಚು ಅಂತ ಬರ್ದಿದ್ವಲ್ಲಮ್ಮ. ಅದ್ರಲ್ಲಿ ಎರಡು ಇಂಚು ಬೂಟಿಂದು. ಅದನ್ನ ಸಮುದ್ರ ತಗೊಂಡ್ಹೋಯ್ತು!"

ಶ್ರೀಧರ ಮುಖ ಮುಚ್ಚಿಕೊಂಡ. ವಿದ್ಯಾ ಅವನನ್ನೇ ನೋಡಿ ನಕ್ಕಳು. ರಾಮಕೃಷ್ಣಯ್ಯನವರು, "ಸುಮತಮ್ಮ, ಇನ್ನೊಂದು ಲೋಟ ಸಾರು ಹಾಕಿ" ಎಂದರು. ಬೇಡವೆಂದು ನಾನು ಹಟಹಿಡಿದಿದ್ದ ಅದೇ ಮನೆಯಲ್ಲಿ, ಅದೇ ಕಾರ್ಪೆಟ್ಟಿನ ಮೇಲೆ ಸಂಬಂಧ ಕುದುರಿತು. ಕುದುರಿಸಿದ್ದು ಮೆಣಸಿನ ಸಾರು. ನನ್ನ ಪಾಲು ಪಂಚೆ ಮಾತ್ರ.

ಆ ವರ್ಷವೇ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಮದುವೆ. ಗಂಡಿನ ಕಡೆಯವರದು ಒಂದೇ ಷರತ್ತು: ಛತ್ರ, ಅಡುಗೆ, ವಾಹನ, ಹವಾಮಾನ, ಯಾವ ವಿಷಯದಲ್ಲೂ ಹುಡುಗಿಯ ಮಾವನ ಅಭಿಪ್ರಾಯ ಕೇಳಕೂಡದು! ನಾನು ಒಪ್ಪಿದೆ. ಆದರೆ ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರುವುದು ಸೋದರಮಾವನ ಹಕ್ಕು. ಅದನ್ನು ಯಾವ ಷರತ್ತೂ ಕಸಿಯುವಂತಿಲ್ಲ. ಕೋಣೆಯಿಂದ ಮಂಟಪಕ್ಕೆ ಇಪ್ಪತ್ತು ಹೆಜ್ಜೆ. ಜರಿ ಶಲ್ಯ ಹೊದ್ದು, ವಿದ್ಯಾಳ ಕೈ ಹಿಡಿದು, ಎದೆ ಸೆಟೆಸಿ ಹೊರಟೆ.

"ಮಾವ," ಎಂದು ಕಿವಿಯಲ್ಲಿ ಪಿಸುಗುಟ್ಟಿದಳು ವಿದ್ಯಾ, "ಅದು ಊಟದ ಹಾಲ್. ಮಂಟಪ ಈ ಕಡೆ."

ಅಂದು ತೆಗೆದ ಫೋಟೋ ಈಗಲೂ ನಮ್ಮ ಗೋಡೆಯ ಮೇಲಿದೆ. ಅದರಲ್ಲಿ ನಾನು ಗಂಭೀರವಾಗಿ ಮದುಮಗಳನ್ನು ಕರೆದೊಯ್ಯುತ್ತಿರುವಂತೆ ಕಾಣುತ್ತದೆ. ನಂಬಬೇಡಿ. ಹತ್ತಿರ ಹೋಗಿ ನೋಡಿ: ಎಳೆಯುತ್ತಿರುವವಳು ಅವಳು!