ಗೋಡೆಯ ಮೇಲಿನ ತೆಳ್ಳನೆಯ ಜಯರಾಮಯ್ಯ

ಆ ಶುಕ್ರವಾರ ಬೆಳಿಗ್ಗೆ ಜಯರಾಮಯ್ಯನವರು ಗೋಡೆಗೆ ಒಂದು ಮೊಳೆ ಹೊಡೆದರು. ಅವರು ಮಾಡಿದ ತಪ್ಪು ಅಷ್ಟೇ. ಮಿಕ್ಕಿದ್ದನ್ನೆಲ್ಲ ಬೀದಿಯವರೇ ಮಾಡಿದರು.

ಜಯರಾಮಯ್ಯನವರು ಶಿರಾದ ಒಂದು ಸಹಕಾರ ಸಂಘದಲ್ಲಿ ಗುಮಾಸ್ತರು. ಮೈಯಲ್ಲಿ ಸಕ್ಕರೆ ಕಾಯಿಲೆ, ನಾಲಗೆಯಲ್ಲಿ ಸಕ್ಕರೆಯ ಆಸೆ. ಇದೇ ಕಾಯಿಲೆಯಿಂದ ಗೌಡಗೆರೆಯಲ್ಲಿರುವ ಅವರ ಅಣ್ಣ ಚಿಕ್ಕರಂಗಯ್ಯನ ಒಂದು ಕಾಲನ್ನು ಹೋದ ವರ್ಷ ತೆಗೆದುಹಾಕಿದ್ದರು. ಅಣ್ಣನನ್ನು ನೋಡಿಕೊಂಡು ಬಂದಾಗಿನಿಂದ ಜಯರಾಮಯ್ಯನವರು ಸ್ನಾನ ಮಾಡುವಾಗ ತಮ್ಮ ಕಾಲುಗಳನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ತೂಕ ಇಳಿಸದೆ ಹೋದರೆ ಮುಂದಿನದಕ್ಕೆ ನಾನು ಜವಾಬ್ದಾರನಲ್ಲ ಎಂದು ಡಾಕ್ಟರೂ ಕೈತೊಳೆದುಕೊಂಡಿದ್ದರು.

ಹೆದರಿಕೆಯೇನೋ ನಿಜವಾದದ್ದೇ. ಆದರೆ ಅದು ಹಗಲು ಮಾತ್ರ ಇರುತ್ತಿತ್ತು. ರಾತ್ರಿ ಊಟವಾದ ಮೇಲೆ ಎಲ್ಲಿಗೆ ಹೋಗುತ್ತಿತ್ತೋ, ಕೈ ತಾನಾಗಿ ತಿಂಡಿ ಡಬ್ಬಿಯನ್ನು ಹುಡುಕುತ್ತಿತ್ತು. ಆ ಕೈಗೂ ಡಬ್ಬಿಗೂ ನಡುವೆ ಪೊಲೀಸಿನವರ ಹಾಗೆ ನಿಂತಿದ್ದವರು ಹೆಂಡತಿ ರಾಜಲಕ್ಷ್ಮಮ್ಮ. ಗಂಡನಿಗೆ ಸಣ್ಣ ಮುದ್ದೆ, ಸೊಪ್ಪಿನ ಸಾರು, ಸಕ್ಕರೆ ಹಾಕದ ಕಾಫಿ. ಗುರುವಾರ ರಾತ್ರಿ ರಾಜಲಕ್ಷ್ಮಮ್ಮನ ತಂಗಿಯ ಮನೆಯಿಂದ ಹೋಳಿಗೆ ಬಂದಿತ್ತು. "ಒಂದೇ ಒಂದು ಕಣೇ, ಅರ್ಧ ಆದ್ರೂ ಕೊಡು" ಎಂದು ಜಯರಾಮಯ್ಯನವರು ಗೋಗರೆದರು. ಆಯಮ್ಮ ಕೈಯಿಂದ ಡಬ್ಬಿ ಕಿತ್ತುಕೊಂಡು, "ಕಾಲು ಬೇಕೋ ಹೋಳಿಗೆ ಬೇಕೋ?" ಎಂದು ಕೇಳಿ, ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಅಷ್ಟರಲ್ಲಾಗಲೇ ಜಯರಾಮಯ್ಯನವರು ಒಂದು ಉಪಾಯ ಹೂಡಿದ್ದರು. ಹೇಳಿಕೊಟ್ಟವನು ಸಂಘದ ಸಹೋದ್ಯೋಗಿ ಕಿರಣ್ ಕುಮಾರ್. "ಗುರಿ ಯಾವಾಗ್ಲೂ ಕಣ್ಣೆದುರಿಗೆ ಇರ್ಬೇಕು ಸಾರ್. ದಿನಾ ನೋಡ್ತಾ ಇದ್ರೆ ಮನ್ಸು ಅದೇ ದಾರಿ ಹಿಡೀತದೆ" ಎಂದಿದ್ದ. ಅವನೇ ತನ್ನ ಬೈಕಿನ ಟ್ಯಾಂಕಿನ ಮೇಲೆ ಕೆಂಪು ಕಾರಿನ ಚಿತ್ರ ಅಂಟಿಸಿಕೊಂಡಿದ್ದ. ಕಾರು ಇನ್ನೂ ಬಂದಿರಲಿಲ್ಲ, ಚಿತ್ರ ಮಾತ್ರ ಬಿಸಿಲಿಗೆ ಬಿಳಿಚಿಕೊಂಡಿತ್ತು. ಜಯರಾಮಯ್ಯನವರು ಮೊದಲು ಫ್ರಿಜ್ಜಿನ ಮೇಲೆ "ತಿನ್ನಬೇಡ" ಎಂದು ಚೀಟಿ ಅಂಟಿಸಿ ನೋಡಿದರು. ಅದನ್ನು ಓದುತ್ತ ಓದುತ್ತಲೇ ಬಾಗಿಲು ತೆಗೆಯುವುದು ಅಭ್ಯಾಸವಾಯಿತು. ಚೀಟಿಗೆ ಬಗ್ಗುವ ಆಸಾಮಿ ತಾನಲ್ಲ, ದೊಡ್ಡದೇ ಬೇಕು ಎನಿಸಿತು.

ಮದುವೆಗೆ ಮುಂಚೆ ತೆಗೆಸಿದ ಒಂದು ಫೋಟೋ ಪೆಟ್ಟಿಗೆಯಲ್ಲಿತ್ತು. ಕಡ್ಡಿಯ ಹಾಗಿದ್ದ ಜಯರಾಮಯ್ಯ. ಹೊಟ್ಟೆ ಎಂಬುದೇ ಇಲ್ಲ. ಅದನ್ನು ಹೆಂಡತಿಗೆ ಹೇಳದೆ ಅಸ್ಗರನ ಫೋಟೋ ಫ್ರೇಮಿನ ಅಂಗಡಿಗೆ ಒಯ್ದು, "ದೊಡ್ದು ಮಾಡಿ ಕಟ್ಟು ಅಸ್ಗರ್ ಭಾಯ್. ಮುಂದೆ ಒಂದು ಸಣ್ಣ ಬಲ್ಬೂ ಇರ್ಲಿ" ಎಂದರು. ರಾತ್ರಿ ಡಬ್ಬಿ ಹುಡುಕಿಕೊಂಡು ಹೋದಾಗ ಕತ್ತಲಲ್ಲೂ ಆ ಮುಖ ಕಾಣಬೇಕು, ನಾಚಿಕೆಯಾಗಬೇಕು ಎಂಬುದು ಅವರ ಲೆಕ್ಕ. ಯಾಕೆಂದು ಹೇಳಲು ಸಂಕೋಚವಾಗಿ ಅವರು ಹೇಳಲಿಲ್ಲ. ಅಸ್ಗರನೂ ಕೇಳಲಿಲ್ಲ. ಅವನ ಅಂಗಡಿಯಲ್ಲಿ ದೊಡ್ಡದಾಗಿ ಬಲ್ಬು ಸಮೇತ ಕಟ್ಟಿಸಿಕೊಳ್ಳುವವರು ಎರಡೇ ಜಾತಿ: ದೇವರು ಮತ್ತು ತೀರಿಕೊಂಡವರು. ಇದು ದೇವರಂತೂ ಅಲ್ಲ, ಹಾಗಾದರೆ ತೀರಿಕೊಂಡ ಯಾರೋ ಬಂಧುವಿರಬೇಕು ಎಂದುಕೊಂಡ. ಗುರುವಾರ ಸಂಜೆ ಫ್ರೇಮು ಕೈಗೆ ಕೊಡುವಾಗ ಅದಕ್ಕೊಂದು ಗಂಧದ ಹಾರವನ್ನೂ ಹಾಕಿ, "ಇದಕ್ಕೆ ನಾನು ದುಡ್ಡು ತಗೊಳ್ಳಲ್ಲ, ಸಾಬ್" ಎಂದು ತಲೆ ತಗ್ಗಿಸಿದ. ಬಿಟ್ಟಿ ಸಿಕ್ಕ ಹಾರ ಚೆನ್ನಾಗಿಯೇ ಇತ್ತು. ಆ ತೆಳ್ಳನೆಯವನಿಗೆ ಇಷ್ಟು ಮರ್ಯಾದೆ ಸಲ್ಲಬೇಕಾದದ್ದೇ ಎಂದುಕೊಂಡು ಜಯರಾಮಯ್ಯನವರು ಮನೆಗೆ ತಂದು ಮಂಚದ ಕೆಳಗೆ ಬಚ್ಚಿಟ್ಟರು.

ಶುಕ್ರವಾರ ರಾಜಲಕ್ಷ್ಮಮ್ಮ ತಂಗಿಯನ್ನು ಕರೆದುಕೊಂಡು ಬೆಳಗಿನ ಜಾವವೇ ಗೊರವನಹಳ್ಳಿ ಲಕ್ಷ್ಮಿಯ ದರ್ಶನಕ್ಕೆ ಹೊರಟುಹೋದರು. ಗಂಡನ ಕಾಲಿಗೆ ಹರಕೆ ಇತ್ತು. ಅವರ ಆಟೋ ಬಸ್ ಸ್ಟ್ಯಾಂಡಿನ ಕಡೆ ತಿರುಗಿದ್ದೇ ತಡ, ಜಯರಾಮಯ್ಯನವರು ಅಡುಗೆಮನೆಯ ಬಾಗಿಲ ಪಕ್ಕ, ಬೀದಿ ಬಾಗಿಲಿಗೆ ಎದುರಾಗಿ ಮೊಳೆ ಹೊಡೆದು ಫೋಟೋ ನೇತುಹಾಕಿ ಬಲ್ಬು ಹೊತ್ತಿಸಿದರು. ನೋಡುತ್ತ ನಿಂತವರಿಗೆ ನಿಜಕ್ಕೂ ಹುಮ್ಮಸ್ಸು ಬಂತು. ಬಾಗಿಲಿಗೆ ಬರೀ ಚಿಲಕ ಹಾಕಿ, ಮೊಬೈಲನ್ನು ಚಾರ್ಜಿಗೆ ಬಿಟ್ಟು, ಕೆರೆ ಏರಿಯ ಮೇಲೆ ವಾಕಿಂಗ್ ಹೊರಟುಬಿಟ್ಟರು.

ಹುಮ್ಮಸ್ಸಿನಲ್ಲಿ ಹೋಗುವಷ್ಟು ದೂರ ಹೋದರು. ವಾಪಸು ಬರುವುದೂ ಇದೆ ಎನ್ನುವುದು ಏರಿಯ ಆ ಕೊನೆ ಮುಟ್ಟಿದ ಮೇಲೆ ನೆನಪಾಯಿತು. ಒಂದು ಹೊಂಗೆ ಮರದ ಕೆಳಗೆ ಕೂತರು. ಕೂತಲ್ಲೇ ಕಣ್ಣು ಹತ್ತಿತು.

ಇತ್ತ ಎದುರುಮನೆಯ ಚಿಕ್ಕಹನುಮಯ್ಯನವರು ಪೇಪರು ಓದಲು ಬಂದರು. ದಿನವೂ ಬರುವವರೇ. ಬೀದಿಯಲ್ಲಿ ಯಾವ ಸಾವಾದರೂ ಚಟ್ಟದಿಂದ ತಿಥಿಯವರೆಗೆ ತಾವೇ ಮುಂದೆ ನಿಂತು ನಡೆಸುವ ಯಜಮಾನರು. ಚಿಲಕ ತೆಗೆದು ನೋಡುತ್ತಾರೆ, ಗೋಡೆಯ ಮೇಲೆ ಜಯರಾಮಯ್ಯ, ಕೊರಳಲ್ಲಿ ಗಂಧದ ಹಾರ, ಮುಂದೆ ಕೆಂಪು ಬಲ್ಬು, ಮನೆಯಲ್ಲಿ ನರಪಿಳ್ಳೆಯಿಲ್ಲ.

"ಹೋಗ್ಬುಟ್ರು ಕಣಮ್ಮ! ಜಯರಾಮಯ್ನೋರು ಹೋಗ್ಬುಟ್ರು!"

ಪಕ್ಕದ ಮನೆಯ ಅಫ್ಜಲುನ್ನೀಸಾ ಓಡಿಬಂದರು. "ಯಾ ಅಲ್ಲಾ, ನಿನ್ನೆ ಚೆನ್ನಾಗೇ ಇದ್ರಲ್ಲ!"

"ಎಲ್ಲಿ ಚೆನ್ನಾಗಿದ್ರು? ನಿನ್ನೆ ಬೆಳಿಗ್ಗೆ ರಕ್ತ ಪರೀಕ್ಷೆಗೆ ಅಂತ ತುಮ್ಕೂರಿಗೆ ಹೋದ್ರು. ವಾಪಸ್ ಬಂದಿದ್ದು ನೀವು ನೋಡಿದ್ರಾ? ನಾನೂ ನೋಡಿಲ್ಲ. ಇವತ್ತು ಕತ್ಲಲ್ಲೇ ಆಯಮ್ಮ ತಂಗಿ ಜತೆ ಬ್ಯಾಗ್ ಹಿಡ್ಕಂಡು ಆಟೋ ಹತ್ತಿದ್ಲು. ಹೆಣ ಅಂಗೇ ಗೌಡಗೆರೆಗೆ ಸಾಗ್ಸವ್ರೆ, ಇನ್ನೇನು."

"ಅಷ್ಟು ಬೇಗ ಫೋಟೋ ಹೆಂಗೆ ಕಟ್ಟಿಸ್ದ್ರು?"

"ಈಗೆಲ್ಲ ಫಾಸ್ಟು ಕಣಮ್ಮ" ಎಂದು ಚಿಕ್ಕಹನುಮಯ್ಯನವರು ಸಂಶಯವನ್ನು ಅಲ್ಲೇ ಮುಗಿಸಿದರು. ರಾಜಲಕ್ಷ್ಮಮ್ಮನಿಗೆ ಫೋನು ಮಾಡೋಣವೇ ಎಂದರೆ, "ಹೆಣದ ಮುಂದೆ ಕೂತಿರೋರಿಗೆ ಫೋನ್ ಮಾಡ್ತಾರಾ?" ಎಂದು ಗದರಿದರು. ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಅಫ್ಜಲುನ್ನೀಸಾ ಚಿತ್ರಾನ್ನ ಮಾಡಿ ತಂದರು. ಗೌಡಗೆರೆಗೆ ಟೆಂಪೋ ಗೊತ್ತಾಯಿತು. ಸುದ್ದಿ ಮುಟ್ಟಿದ ಕೂಡಲೇ ಕಿರಣ್ ಕುಮಾರ್ ಮೊಬೈಲಿನಲ್ಲಿ "ಭಾವಪೂರ್ಣ ಶ್ರದ್ಧಾಂಜಲಿ" ಎಂದು ಸ್ಟೇಟಸ್ ಹಾಕಿದ.

ಬಿಸಿಲೇರಿದ ಮೇಲೆ ಕುಂಟುತ್ತ ಬಂದ ಜಯರಾಮಯ್ಯನವರಿಗೆ ಬೀದಿಯ ತಿರುವಿನಲ್ಲೇ ತಮ್ಮ ಮನೆಯ ಮುಂದಿನ ಕುರ್ಚಿಗಳು, ಚಪ್ಪಲಿಗಳ ರಾಶಿ, ಹೂವಿನ ಹಾರ ಕಂಡವು. ರಾಜಲಕ್ಷ್ಮಿ! ಬಸ್ಸಿಗೇನಾದರೂ ಆಯಿತೆ? ಎಷ್ಟೋ ವರ್ಷದಿಂದ ಓಡದಿದ್ದ ಮನುಷ್ಯ ಓಡಿದರು. ಕಾಲು ನೋವು, ಸಕ್ಕರೆ, ಅಣ್ಣ, ಯಾವುದೂ ನೆನಪಿರಲಿಲ್ಲ. ಜನರ ನಡುವೆ ನುಗ್ಗಿ, "ಏನಾಯ್ತು? ನನ್ ಹೆಂಡ್ತಿಗೆ ಏನಾಯ್ತು? ಯಾರಾದ್ರೂ ಹೇಳ್ರೋ!" ಎಂದು ಅತ್ತೇಬಿಟ್ಟರು.

ಅಫ್ಜಲುನ್ನೀಸಾರ ಕೈಯಿಂದ ಚಿತ್ರಾನ್ನದ ಸೌಟು ಬಿತ್ತು. ಮೊದಲು ಸುಧಾರಿಸಿಕೊಂಡವರು ಚಿಕ್ಕಹನುಮಯ್ಯನವರೇ. ದೊಡ್ಡ ಗುಲಾಬಿ ಹಾರವನ್ನು ಹಿಡಿದುಕೊಂಡೇ ಸಿಟ್ಟಾದರು.

"ಏನ್ ಸ್ವಾಮಿ ನೀವು! ಒಂದ್ ಮಾತು ಹೇಳೋದ್ ಬ್ಯಾಡ್ವಾ? ಟೆಂಪೋಗೆ ಅಡ್ವಾನ್ಸ್ ಕೊಟ್ಬುಟ್ಟಿದೀನಿ."

"ಬದುಕಿದೀನಿ ಅಂತ ಹೇಳ್ಬೇಕಾ?"

"ಮತ್ತೆ ಅದ್ಯಾಕೆ ಅಂಗೆ ಹಾರ ಹಾಕ್ಕಂಡು ಗೋಡೆ ಹತ್ತಿದ್ದೀರಿ?"

ತೂಕ ಇಳಿಸುವ ಸಂಗತಿಯನ್ನು ಜಯರಾಮಯ್ಯನವರು ಇಡೀ ಬೀದಿಯ ಮುಂದೆ ವಿವರಿಸಬೇಕಾಯಿತು. ಯಾರೂ ಪೂರ್ತಿ ನಂಬಿದಂತೆ ಕಾಣಲಿಲ್ಲ. ತಂದ ಹಾರವನ್ನು ಹೂವಿನವನು ವಾಪಸು ತೆಗೆದುಕೊಳ್ಳುವುದಿಲ್ಲವಾದ್ದರಿಂದ ಚಿಕ್ಕಹನುಮಯ್ಯನವರು ಅದನ್ನು ಅವರ ಕೊರಳಿಗೇ ಹಾಕಿದರು. ಅಷ್ಟರಲ್ಲಿ ಕಿರಣ್ ಕುಮಾರ್ ಬಂದ. ಕಂಡವನೇ ಗಕ್ಕನೆ ನಿಂತು, "ಸಾರ್, ಮೌನಾಚರಣೆ ಮುಗಿಸ್ಬುಟ್ವಲ್ಲ ಸಾರ್! ಸಂಘಕ್ಕೆ ಅರ್ಧ ದಿನ ರಜ ಬೇರೆ ಕೊಟ್ಟವ್ರೆ" ಎಂದ.

"ಹಂಗಾದ್ರೆ ನಾಳೆ ನಾನು ಕೆಲ್ಸಕ್ಕೆ ಬರ್ಲಾ ಬ್ಯಾಡ್ವಾ?"

"ಸೋಮವಾರ ಬನ್ನಿ ಸಾರ್. ಸ್ಟಾಫೆಲ್ಲ ಸ್ವಲ್ಪ ಸುಧಾರಿಸ್ಕಳ್ಳಿ." ಆಮೇಲೆ ಅಳುಕುತ್ತ ಸೇರಿಸಿದ: "ಸ್ಟೇಟಸ್ಸು ಅಳಿಸಿದೀನಿ ಸಾರ್. ಆದ್ರೆ ಮೇಡಮ್ಮೋರ ತಂಗಿ ಆಗ್ಲೇ ನೋಡವ್ರೆ."

ಜಯರಾಮಯ್ಯನವರು ಹೆಂಡತಿಗೆ ಫೋನು ಹಚ್ಚಿದರು. ಎತ್ತಲಿಲ್ಲ. ತಂಗಿಯೂ ಎತ್ತಲಿಲ್ಲ. ಕಿರಣನ ಬೈಕಿನಲ್ಲಿ, ಬಿಳಿಚಿದ ಕಾರಿನ ಚಿತ್ರದ ಹಿಂದೆ ಕೂತು ಬಸ್ ಸ್ಟ್ಯಾಂಡಿಗೆ ದೌಡಾಯಿಸಿದರು. ಕೊರಳಲ್ಲಿದ್ದ ಹಾರ ಮರೆತೇಹೋಗಿತ್ತು.

ಗೊರವನಹಳ್ಳಿಗೆ ಹೋದವರು ವಾಪಸಾಗುವ ಮಧುಗಿರಿ ಕಡೆಯ ಬಸ್ಸು ಬಂತು. ರಾಜಲಕ್ಷ್ಮಮ್ಮ ತಂಗಿಯ ಹೆಗಲಿಗೆ ಜೋತುಬಿದ್ದು ಇಳಿದರು. ಅತ್ತು ಅತ್ತು ಮುಖ ಊದಿತ್ತು. ಎದುರಿಗೆ ಗುಲಾಬಿ ಹಾರ ಹಾಕಿಕೊಂಡು ನಿಂತ ಗಂಡನನ್ನು ಕಂಡು ಮೊದಲು ಚೀರಿದರು. ಆಮೇಲೆ ಮುಟ್ಟಿದರು. ಕೈ ಬಿಸಿಯಾಗಿರುವುದು ಗೊತ್ತಾದ ಮೇಲೆ ಪ್ರಸಾದದ ಚೀಲದಿಂದ ಎದೆಗೆ ದಬದಬನೆ ಬಡಿದರು. ಬಡಿದು ಸಾಕಾಗಿ, ಇಡೀ ಬಸ್ ಸ್ಟ್ಯಾಂಡು ನೋಡುತ್ತಿದ್ದರೂ ಆ ಕೈಯನ್ನೇ ಹಿಡಿದುಕೊಂಡು ನಿಂತರು.

"ಬಸ್ನಾಗೆ ದಾರಿಯುದ್ದಕ್ಕೂ ಒಂದೇ ಯೋಚ್ನೆ ಕಣ್ರೀ" ಎಂದರು ಬಿಕ್ಕುತ್ತ. "ರಾತ್ರಿ ಅರ್ಧ ಹೋಳಿಗೆ ಕೇಳಿದ್ರಿ. ಕೈಯಿಂದ ಕಿತ್ಕಂಡೆ. ಆಸೆಪಟ್ಟು ಹೋಗ್ಬುಟ್ರಲ್ಲ, ನಾನೆಂಥ ಪಾಪಿ ಅಂತ..." ಜಯರಾಮಯ್ಯನವರೂ ಆ ಕೈ ಬಿಡಲಿಲ್ಲ. ತನ್ನ ಮೇಲೆ ಇವಳಿಗೆ ಇಷ್ಟು ಪ್ರೀತಿಯಿದೆ ಎಂದು ತಿಳಿಯಲು ತಾನು ಸಾಯಬೇಕಾಯಿತೇ ಎಂದುಕೊಂಡರು.

ಅಂದು ರಾತ್ರಿ ಬೀರುವಿನ ಬೀಗ ತೆಗೆಯಿತು. ತಟ್ಟೆಗೆ ಎರಡು ಹೋಳಿಗೆ ಬಿದ್ದವು, ಅವುಗಳ ಮೇಲೆ ತುಪ್ಪ. ಜಯರಾಮಯ್ಯನವರು ಗೋಡೆ ನೋಡಿದರು. ತೆಳ್ಳನೆಯವನು ಬಲ್ಬಿನ ಬೆಳಕಿನಲ್ಲಿ ಇವರನ್ನೇ ನೋಡುತ್ತಿದ್ದ. ನಿಜವಾಗಿಯೂ ನಾಚಿಕೆಯಾಯಿತು. ಜನ್ಮದಲ್ಲಿ ಮೊದಲ ಸಲ, "ಬ್ಯಾಡ ಕಣೇ, ಸಕ್ಕರೆ ಜಾಸ್ತಿಯಾಯ್ತದೆ" ಎಂದು ತಟ್ಟೆ ಸರಿಸಿದರು. ರಾಜಲಕ್ಷ್ಮಮ್ಮ ಕೂಡ ಗೋಡೆ ನೋಡಿದರು. ಕಣ್ಣು ತುಂಬಿಬಂತು. ಆ ಕಣ್ಣೀರಿನ ಮುಂದೆ ಬೇಡವೆನ್ನುವ ಗಂಡಸು ಯಾರು? ಎರಡನ್ನೂ ತಿಂದರು.

ಮಾರನೆಯ ದಿನ ಶ್ಯಾವಿಗೆ ಪಾಯಸ. ಅದರ ಮಾರನೆಯ ದಿನ ಕಜ್ಜಾಯ. ಮುದ್ದೆ ದೊಡ್ಡದಾಯಿತು, ಕಾಫಿಗೆ ಸಕ್ಕರೆ ಬಂತು. ಮುಂದಿನ ಪರೀಕ್ಷೆಯ ದಿನ ಡಾಕ್ಟರು ರಿಪೋರ್ಟು ನೋಡಿ, ಇವರ ಕಾಲು ನೋಡಿ, ಇನ್ಸುಲಿನ್ ಸೂಜಿ ಬರೆದುಕೊಟ್ಟರು. ಜಯರಾಮಯ್ಯನವರು ನೆಟ್ಟಗೆ ಮನೆಗೆ ಬಂದು, ಫೋಟೋ ಕೆಳಗಿಳಿಸಿ, ಮೊಳೆಯನ್ನೂ ಕಿತ್ತು, ಮಂಚದ ಕೆಳಗೆ ತಳ್ಳಿ ಕಚೇರಿಗೆ ಹೋದರು.

ಸಂಜೆ ಕಚೇರಿಯಿಂದ ಬಂದು ನೋಡಿದರೆ ಫೋಟೋ ಅದೇ ಜಾಗದಲ್ಲಿತ್ತು. ಮೊಳೆ ಈ ಸಲ ದೊಡ್ಡದು. ಬಲ್ಬಿನ ಧೂಳು ಒರೆಸಿತ್ತು.

"ಅದನ್ನ ಯಾಕೆ ಮತ್ತೆ ಹಾಕ್ದೆ?" ಎಂದರು.

"ಕಣ್ಣೆದುರಿಗೆ ಇರ್ಲಿ ಬುಡಿ" ಎಂದರು ರಾಜಲಕ್ಷ್ಮಮ್ಮ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ದಿನಾ ನೋಡ್ತಿದ್ರೆ ತಾನೆ, ನಿಮಗೆ ಹೊಟ್ಟೆ ತುಂಬ ಇಕ್ಬೇಕು ಅಂತ ನಂಗೆ ಮರೀದೆ ಇರೋದು? ಕೈ ತೊಳ್ಕಂಡು ಬನ್ನಿ, ಹೋಳಿಗೆ ಬಿಸಿ ಇದೆ."