ಹಗರಿಯಲ್ಲಿ ಗರಿಯ ನೊಣ

ನಮ್ಮ ಸೋದರಮಾವ ಹಗರಿ ಹೊಳೆಯ ಮೀನುಗಳಿಗೆ ಇಂಗ್ಲಿಷು ಕಲಿಸಲು ಹೊರಟವರು! ನಗಬೇಡಿ. ಊಟಿಯಲ್ಲಿ ಒಬ್ಬ ಇಂಗ್ಲಿಷ್ ದೊರೆಯ ಬಳಿ ಕೆಲಸಕ್ಕಿದ್ದಾಗ, ಕೊಕ್ಕೆಗೆ ಗರಿ ಸುತ್ತಿ ಸುಳ್ಳು ನೊಣ ಮಾಡಿ, ಅದನ್ನು ನೀರಿನ ಮೇಲೆ ಬೀಸಿ ಟ್ರೌಟ್ ಎಂಬ ಮೀನು ಹಿಡಿಯುವ ವಿದ್ಯೆ ಕಲಿತಿದ್ದರು. ತನ್ನ ಸೀಮೆಗೆ ಮರಳಿ ಹೊರಟ ದೊರೆ ಗಾಳವನ್ನು ಇವರಿಗೇ ಕೊಟ್ಟುಹೋದ. ಅದನ್ನು ಹೊತ್ತು ಮಾವ ರಾಯದುರ್ಗದ ಕಡೆಯ ನಮ್ಮೂರಿಗೆ ಮರಳಿದರು.

ಇಲ್ಲಿ ಟ್ರೌಟ್ ಎಲ್ಲಿಂದ ಬರಬೇಕು? ಹಗರಿಯೆಂದರೆ ಬಹುಪಾಲು ಮರಳು. ಒಂದು ಮಡು ಮಾತ್ರ ಬತ್ತುತ್ತಿರಲಿಲ್ಲ. ಅಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ಮಾವ ಬೀಸಿದ್ದೇ ಬೀಸಿದ್ದು. ಒಂದು ಮೀನಾದರೂ? ಊಹೂಂ!

“ಇಲ್ಲಿನ ಮೀನಿಗೆ ನಾಜೂಕು ತಿಳಿಯಂಗಿಲ್ಲಪ,” ಎನ್ನುತ್ತಿದ್ದರು.

ಗರಿಗಾಗಿ ಊರ ಹುಂಜಗಳ ಬಾಲಗಳೆಲ್ಲ ಬೋಳಾದವು. “ನಿಮ್ಮನ್ನ ಕಂಡ್ರ ಹುಂಜ ಕೂಗೋದs ಬಿಟ್ಟಾವ್ರಿ!” ಎಂದು ಅತ್ತೆ ಬೈಯುತ್ತಿದ್ದರು. ಸಂಜೆ ದಂಡೆಗೆ ಬಂದು ಕೂಗುವವರೂ ಅವರೇ: “ಏನ್ರೀ, ಮನಿಗೆ ಬರ್ತೀರೋ ಇಲ್ಲೋ?” ಆ ಕೂಗಿಗೆ ಕೊಕ್ಕರೆಗಳೂ ಮನೆಗೆ ಹೊರಡುತ್ತಿದ್ದವು!

ಅತ್ತೆ ತೀರಿಕೊಂಡರು. ಮಾವ ಮಡು ಬಿಡಲಿಲ್ಲ. ಆದರೆ ಈಗ ನೊಣಕ್ಕೆ ಕೊಕ್ಕೆಯೇ ಇರುತ್ತಿರಲಿಲ್ಲ. ಮೀನು ಬೇಡವೆಂದರೆ ಹೋಗುವುದೇತಕ್ಕೆ?

ಮೇಲೆಲ್ಲೋ ಮಳೆಯಾಗಿ ಹೊಳೆ ಕೆಂಪಾಗಿ ಏರುತ್ತಿದ್ದ ಒಂದು ಸಂಜೆ ಹುಡುಕಿಕೊಂಡು ಹೋದೆ. ಮಾವ ಸೊಂಟದುದ್ದ ನೀರಲ್ಲಿದ್ದರು.

“ಮಾವಾ, ನೀರು ಏರಕತ್ತೈತ್ರಿ, ಹೊರಗ ಬರ್ರಿ!”

“ಸುಮ್ಕಿರೋ. ಕೂಗೋ ಹೊತ್ತಾತು.”

ಆಗ ಕೇಳಿಸಿತು. “ಏನ್ರೀ...” ಅತ್ತೆಯದೇ ದನಿ, ಆದರೆ ಆಚೆ ದಂಡೆಯಿಂದ. ಅಲ್ಲಿ ಕಡಲೇಕಾಯಿ ಕಿತ್ತ ಬಯಲು. ಒಂದು ಕುರಿಯೂ ಇರಲಿಲ್ಲ. ಮತ್ತೆ ಕೂಗು, ಈ ಸಲ ನಡುನೀರಿನ ಮೇಲೆ, ಇನ್ನೂ ಹತ್ತಿರ. ಮಾವ ನಗುತ್ತ ಅತ್ತ ಹೆಜ್ಜೆಯಿಟ್ಟರು. ನೀರು ಎದೆಗೆ ಬಂತು.

ಧುಮುಕಿ ಹಿಂದಿನಿಂದ ಪಂಚೆ ಹಿಡಿದೆ. ಪಂಚೆಯೊಂದೇ ಕೈಗೆ ಬಂತು! ರಟ್ಟೆ ಹಿಡಿದು ನೇತುಬಿದ್ದೆ. ಬಾಯಿಗೆ ಹೇಗೆ ಬಂತೋ, ಆಚೆ ದಂಡೆಗೆ ಕೂಗಿಬಿಟ್ಟೆ: “ಅತ್ತೀ, ನಾನs ಮನಿಗೆ ಕರ್ಕೊಂಡು ಹೋಗ್ತೀನ್ರಿ! ನೀವು ಕೂಗಬ್ಯಾಡ್ರಿ!”

ಕೂಗು ನಿಂತಿತು. ಕಪ್ಪೆಗಳೂ ಸುಮ್ಮನಾದವು. ಮಾವನ ಕೈಲಿದ್ದ ಗಾಳದ ದಾರ ಹರಿವಿಗೆ ಅಡ್ಡಲಾಗಿ, ಆಚೆ ದಂಡೆಯ ಕಡೆಗೆ ಒಮ್ಮೆ ಬಿಗಿಯಾಗಿ, ಸಡಿಲಾಯಿತು.

ಮಾವ ತಿರುಗಿದರು. ದಂಡೆ ಹತ್ತಿ, ನಾನು ಉಡಿಸಿದ ಒದ್ದೆ ಪಂಚೆಯಲ್ಲಿ ನಡುಗುತ್ತ ಮೆಲ್ಲಗೆ ಹೇಳಿದರು:

“ಕೂಗಿ ಕೂಗಿ ಆಕಿ ದನಿ ಒಡದಿತ್ತು, ಕೇಳಿದ್ಯಾ? ಇನ್ನs ಆರಾಮಿರ್ಲಿ, ಪಾಪ.”