ಬಸ್ಸಿಗೊಂದು ಗುಟುಕು

ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ ಮೈಕಣ್ಣ ಒಂದು ಮಾತು ಕೊಟ್ಟಿದ್ದ. ಆ ವರ್ಷ ಶಾಲೆಯ ಕ್ರೀಡಾಕೂಟದ ಅಪ್ಪಂದಿರ ಓಟದಲ್ಲಿ ಅವನು ಎಷ್ಟು ಹಿಂದೆ ಬಿದ್ದನೆಂದರೆ, ಇನ್ನೂ ಅರ್ಧ ದಾರಿಯಲ್ಲಿದ್ದಾಗಲೇ ಅಮ್ಮಂದಿರ ಓಟ ಶುರುವಾಗಿ, ಅದರಲ್ಲೂ ಅವನೇ ಕೊನೆಯವನಾಗಿದ್ದ. ಮುಖ ಊದಿಸಿಕೊಂಡ ಮಗಳಿಗೆ, "ನೀನು ಈ ಸ್ಕೂಲು ಬಿಡೋದ್ರೊಳಗೆ ಒಂದ್ಸಲ ಆದ್ರೂ ಕೊನೆಯವನಾಗ್ದೆ ಬರ್ತೀನಿ ಪುಟ್ಟಿ, ನಿನ್ನಾಣೆ" ಎಂದಿದ್ದ.

ಪುಟ್ಟಿ ಈಗ ಏಳನೇ ಕ್ಲಾಸು. ಮುಂದಿನ ವರ್ಷ ಬೇರೆ ಶಾಲೆ. ಕ್ರೀಡಾಕೂಟ ಇವತ್ತು ಸಂಜೆ ನಾಲ್ಕಕ್ಕೆ.

ಮೈಕಣ್ಣನೆಂದರೆ ಬಸ್‌ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಬಸ್ಸುಗಳ ಹೆಸರು ಕೂಗುವವನು. ತೂಕ ಇಳಿಸಲು ಅವನು ಮಾಡದ ಸರ್ಕಸ್ಸಿರಲಿಲ್ಲ. ಕೊನೆಗೆ ಮೂರು ತಿಂಗಳ ಹಿಂದೆ ಆಪರೇಷನ್ ಮಾಡಿಸಿ ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆಸಿಕೊಂಡ. ತೂಕ ಇಳಿಯಿತು. ನಿಧಾನಕ್ಕೆ ಓಡಬಹುದೆಂದು ಡಾಕ್ಟರೂ ಒಪ್ಪಿದರು. ಆದರೆ ಉಳಿದ ಚೂರು ಹೊಟ್ಟೆಗೂ ನೀರಿಗೂ ಯಾವ ಜನ್ಮದ ದ್ವೇಷವೋ. ಒಂದು ಗುಟುಕು ಕುಡಿದರೆ, ಅದು ಮುನಿಸಿಕೊಂಡ ಭಾವನಂತೆ ಎದೆಯ ಹೊಸಿಲಲ್ಲೇ ಕೂತುಬಿಡುತ್ತಿತ್ತು. ಒಳಗೂ ಹೋಗದು, ಹೊರಗೂ ಬರದು.

ನೀರು ಸಾಲದೆ ನಿನ್ನೆ ತಲೆ ಸುತ್ತಿತ್ತು. ಬೆಳಗ್ಗೆ ಆಸ್ಪತ್ರೆಯ ನರ್ಸ್ ಫೋನ್ ಮಾಡಿ, "ಮಧ್ಯಾಹ್ನ ಮೂರು ಗಂಟೆಯೊಳಗೆ ಆರುನೂರು ಎಂಎಲ್ ನೀರು ಒಳಗೆ ಹೋಗಿರ್ಬೇಕು. ಇಲ್ಲಾಂದ್ರೆ ಬಂದು ಡ್ರಿಪ್ ಹಾಕಿಸ್ಕೊಳ್ಳಿ, ಓಟ ಆಮೇಲೆ ಕನಸಲ್ಲಿ ಓಡಿ" ಎಂದಳು.

ಹೆಂಡತಿ ಅಳೆದು ಬಾಟಲಿ ತುಂಬಿಸಿ ಕೊಟ್ಟಳು. "ರೀ, ಮೂರಕ್ಕೆ ನಾನೇ ಬರ್ತೀನಿ. ಇದು ಖಾಲಿ ಆಗಿದ್ರೆ ಸ್ಕೂಲು, ಇಲ್ದಿದ್ರೆ ಆಸ್ಪತ್ರೆ. ಗಿಡಕ್ಕೆ ಸುರಿದ್ರೆ ಗೊತ್ತಾಗಲ್ಲ ಅನ್ಕೋಬೇಡಿ. ಅಲ್ಲಿ ನಂಗೆ ಬೇಕಾದವರಿದಾರೆ."

ಬೇಕಾದವರೆಂದರೆ ಬಸ್‌ಸ್ಟ್ಯಾಂಡ್ ಗುಡಿಸುವ ಅಕ್ಕ.

ಗಾಜಿನ ಗೂಡಿನಂಥ ಕೋಣೆಯಲ್ಲಿ ಬಾಟಲಿಯನ್ನೇ ದಿಟ್ಟಿಸುತ್ತ ಕೂತ ಮೈಕಣ್ಣನ ಕಷ್ಟವನ್ನು ಬಸ್ಸುಗಳ ಸಮಯ ನೋಡುವ ಕಂಟ್ರೋಲರ್ ಸಾಹೇಬರು ಎರಡೇ ನಿಮಿಷದಲ್ಲಿ ಬಗೆಹರಿಸಿದರು. "ಹೊಟ್ಟೆಗೂ ಒಂದು ಟೈಮ್‌ಟೇಬಲ್ ಬೇಕಪ್ಪಾ. ಮೂರು ಗಂಟೆಯೊಳಗೆ ನಲವತ್ತು ಬಸ್ಸು ಹೊರಡುತ್ವೆ. ಬಸ್ಸಿಗೊಂದು ಗುಟುಕು. ಅಷ್ಟೇ."

ಹನ್ನೊಂದರವರೆಗೆ ಎಲ್ಲ ಸುಸೂತ್ರ. ಆಮೇಲೆ ಸೇತುವೆಯ ಮೇಲೆ ಲಾರಿಯೊಂದು ಅಡ್ಡ ನಿಂತು ಬಸ್ಸೂ ಇಲ್ಲ, ಗುಟುಕೂ ಇಲ್ಲ. ಒಂದು ಗಂಟೆ ಕಳೆದು ದಾರಿ ಬಿಟ್ಟಾಗ ಏಳು ಬಸ್ಸು ಒಂದರ ಬಾಲ ಒಂದು ಹಿಡಿದು ಬಂದು, ಹಾಗೆಯೇ ಹೊರಟವು.

"ಏಳು ಗುಟುಕು" ಎಂದರು ಸಾಹೇಬರು.

"ಸಾರ್, ಒಟ್ಟಿಗೇನಾ?"

"ಬಸ್ಸು ಒಟ್ಟಿಗೆ ಹೋಗ್ಲಿಲ್ವಾ? ಟೈಮ್‌ಟೇಬಲ್ ಅಂದ್ಮೇಲೆ ಟೈಮ್‌ಟೇಬಲ್."

ಮೂರನೆಯದಕ್ಕೇ ಭಾವ ಎದೆಯಲ್ಲಿ ಕೂತ. ಐದನೆಯದಕ್ಕೆ ಅವನ ಪರಿವಾರವೂ ಬಂತು. ಅಷ್ಟರಲ್ಲಿ ಎಂಟನೇ ಬಸ್ಸು. ಮೈಕಣ್ಣ ಮೈಕು ಒತ್ತಿ, "ಪ್ರಯಾಣಿಕರ ಗಮನಕ್ಕೆ, ಪ್ಲಾಟ್‌ಫಾರ್ಮ್ ನಾಲ್ಕರಿಂದ..." ಎನ್ನುವಷ್ಟರಲ್ಲಿ ಪಾತಾಳದಿಂದ ಒಂದು ತೇಗು ಎದ್ದು ಬಂದು ಹದಿನಾರು ಸ್ಪೀಕರುಗಳಲ್ಲಿ ಮೊಳಗಿತು. ನಾಲ್ಕನೇ ಪ್ಲಾಟ್‌ಫಾರ್ಮಿನ ಡ್ರೈವರ್ ಟೈರು ಸಿಡಿಯಿತೆಂದು ಕೆಳಗಿಳಿದು ಆರೂ ಚಕ್ರ ಒದ್ದು ನೋಡಿದ. ಅವನು ಇಳಿದನೆಂದು ಪ್ರಯಾಣಿಕರೂ ಗಂಟುಮೂಟೆ ಸಮೇತ ಇಳಿದರು.

ಅಕ್ಕ ಪೊರಕೆ ಹಿಡಿದೇ ಒಳಗೆ ಬಂದಳು. "ಏನಣ್ಣಾ, ಮೈಕು ಆರಿಸಿ ತೇಗ್ಬಾರ್ದಾ?" ಮೈಕಣ್ಣನ ಕಣ್ಣಲ್ಲಿ ನೀರು. ದೇಹದಿಂದ ನೀರು ಹೊರಗೆ ಹೋಗುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇರಲಿಲ್ಲ. "ಅಕ್ಕಾ, ಮಗಳಿಗೆ ಮಾತು ಕೊಟ್ಟಿದೀನಿ" ಎಂದ.

ಅಕ್ಕ ಸಾಹೇಬರತ್ತ ಒಂದು ನೋಟ ಎಸೆದಳು. "ನಿಮ್ಮ ಟೈಮ್‌ಟೇಬಲ್ಲಿಗೆ ಬಸ್ಸೇ ಬರಲ್ಲ, ನೀರು ಬರುತ್ತಾ?" ಬಾಟಲಿ ಎತ್ತಿಕೊಂಡು ಕ್ಯಾಂಟೀನಿಗೆ ಹೋಗಿ, ನೀರು ಬೆಚ್ಚಗೆ ಮಾಡಿಸಿ, ಒಂದು ಚಮಚ ತಂದಳು. "ಆ ಅನ್ನಿ."

"ನಾನೇ ಕುಡೀತೀನಿ ಅಕ್ಕಾ."

"ನೀವು ಕುಡಿದಿದ್ದು ಊರಿಗೇ ಕೇಳಿಸ್ತು. ಆ ಅನ್ನಿ."

ಬೆಚ್ಚಗಿನ ನೀರು ಚಮಚ ಚಮಚವಾಗಿ ಸಲೀಸಾಗಿ ಇಳಿಯಿತು. ಗಾಜಿನಾಚೆ ಜನ ನಿಂತರು. ಕೊಡೆ ಹಿಡಿದ ಅಜ್ಜನೊಬ್ಬ ಚಮಚ ಎಣಿಸತೊಡಗಿ, ಆ ಭರದಲ್ಲಿ ತನ್ನ ಬಸ್ಸನ್ನೇ ಬಿಟ್ಟುಕೊಂಡ. ಮೂರಕ್ಕೆ ನಾಲ್ಕು ನಿಮಿಷ ಇರುವಾಗ ಕೊನೆಯ ಚಮಚ ಇಳಿಯಿತು. ಜನ ಚಪ್ಪಾಳೆ ತಟ್ಟಿದರು. ಹೆಂಡತಿ ಬಂದವಳೇ ಬಾಟಲಿ ಬೋರಲು ಹಾಕಿ ನೋಡಿದಳು, ಅಕ್ಕನ ಮುಖ ನೋಡಿದಳು. ಅಕ್ಕ ತಲೆಯಾಡಿಸಿದಳು.

ಶಾಲೆಯ ಮೈದಾನದಲ್ಲಿ ಮೈಕಣ್ಣ ಬಗ್ಗಿ ತನ್ನ ಶೂ ದಾರ ತಾನೇ ಕಟ್ಟಿಕೊಂಡ. ಎಷ್ಟೋ ವರ್ಷಗಳ ಮೇಲೆ ಕಾಲಿನ ಬೆರಳುಗಳು ಇಷ್ಟು ಹತ್ತಿರ ಕಂಡಿದ್ದವು. ಹಗ್ಗದಾಚೆ ಪುಟ್ಟಿ ಗೆಳತಿಯರಿಗೆ, "ಬಿಳಿ ಶೂ ಹಾಕಿರೋರು ನಮ್ಮಪ್ಪ" ಎನ್ನುತ್ತಿದ್ದಳು. ಅವನೊಮ್ಮೆ ಕೈ ಬೀಸಿದ.

ಆಟದ ಮೇಷ್ಟ್ರು ಮೈಕು ಹಿಡಿದರು. "ಹೋದ ವರ್ಷ ಇಬ್ಬರು ತಂದೆಯರು ಡಿಕ್ಕಿ ಹೊಡ್ಕೊಂಡು ಒಬ್ಬರ ಕಾಲು ಮುರೀತು. ಅದಕ್ಕೇ ಈ ಸಲ ಓಟ ಬೇಡ ಅಂತ ಹೆಡ್‌ಮಿಸ್ ಹೇಳಿದಾರೆ. ಯಾರಿಗೂ ತೊಂದ್ರೆ ಆಗದ ಆಟ ಇಟ್ಟಿದೀವಿ. ಎಲ್ಲರೂ ಕುರ್ಚಿ ಮೇಲೆ ಕೂತ್ಕೊಳ್ಳಿ."

ಹದಿನೇಳು ಕುರ್ಚಿ. ಪ್ರತಿ ಕುರ್ಚಿಯ ಮುಂದೆ ಒಂದು ಲೀಟರ್ ನೀರಿನ ಬಾಟಲಿ.

"ಸೀಟಿ ಊದಿದ ತಕ್ಷಣ ಕುಡಿಯೋಕೆ ಶುರು. ಮೊದಲು ಖಾಲಿ ಮಾಡಿದವರು ಗೆದ್ದ ಹಾಗೆ."

ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಪುಟ್ಟಿ ಹಗ್ಗದಡಿ ನುಸುಳಿ ಓಡಿ ಬಂದು, "ಅಪ್ಪಾ, ಬೇಡ, ಎದ್ದು ಬಾ" ಎಂದಳು.

ಮೈಕಣ್ಣ ಏಳಲಿಲ್ಲ. ಮುಚ್ಚಳ ತಿರುಗಿಸಿ ತೆಗೆದ.

"ಮೇಷ್ಟ್ರೇ, ಒಂದು ಚಮಚ ಸಿಗುತ್ತಾ?"

ಮೇಷ್ಟ್ರು ಸೀಟಿ ಊದಿದರು. ಹದಿನೇಳು ಜನರಲ್ಲಿ ಅವನು ಹದಿನೇಳನೆಯವನಾಗಿ ಬಂದ.